ಕಲ್ಲು ಕದಲಿಸಬೇಡಿ, ನೆರಳು ಕೊಡಿ

ಬೆಂಗಳೂರಿನ ಕೆರೆ ಬಳಗಗಳು, ಬಡಾವಣೆಗಳ ನಿವಾಸಿ ಸಂಘಗಳು ಮತ್ತು ಹಳೇ ಊರುಗಳ ಗುಡಿ ಸಮಿತಿಗಳ ಎಲ್ಲ ಸದಸ್ಯರಿಗೆ,



ಪಾರ್ಕಿಗೆ ಏನಾದರೂ ಶಿಲ್ಪ ಬೇಕು ಎಂಬ ಮಾತು ಸಂಘದ ಸಭೆಯಲ್ಲಿ ಎದ್ದರೆ ಸಾಕು, ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ. ಸಿಮೆಂಟಿನ ಜಿಂಕೆ, ಫೈಬರ್ ಆನೆ, ಬಾಯಿಂದ ನೀರು ಚಿಮ್ಮಿಸುವ ಮೀನು, ಸೆಲ್ಫಿಗೆಂದು ಹೃದಯದಾಕಾರದ ಕಮಾನು. ಎರಡು ಮಳೆಗಾಲ ಎಲ್ಲ ಹೊಳೆಯುತ್ತಿರುತ್ತವೆ. ಮೂರನೆಯದಕ್ಕೆ ಜಿಂಕೆಯ ಕೊಂಬು ಮುರಿದು ಒಳಗಿನ ಕಬ್ಬಿಣದ ಕಂಬಿ ಇಣುಕುತ್ತದೆ. ಅದೇ ಪಾರ್ಕಿನ ಬೇಲಿಯಾಚೆ, ಹಳೇ ಊರಿನ ಅರಳಿಕಟ್ಟೆಯ ಹಿಂದೆ, ಸೊಂಟದವರೆಗೆ ಮಣ್ಣಿನಲ್ಲಿ ಹೂತುಹೋದ ವೀರಗಲ್ಲೊಂದು ಇದ್ದರೂ ಇರಬಹುದು. ಅದಕ್ಕೆ ಟೆಂಡರ್ ಇಲ್ಲ, ಬಿಲ್ ಇಲ್ಲ. ಸಾವಿರ ವರ್ಷದಿಂದ ಅಲ್ಲೇ ನಿಂತಿರುವ ಶಿಲ್ಪ ಅದು.

ಈ ಪತ್ರ ಆ ಕಲ್ಲುಗಳ ಪರವಾಗಿ.

ಕರ್ನಾಟಕದ ಹಳ್ಳಿಗಳಷ್ಟು ದೊಡ್ಡ ಬಯಲು ಶಿಲ್ಪಸಂಗ್ರಹ ಹುಡುಕಿದರೂ ಸಿಗುವುದು ಕಷ್ಟ. ವೀರಗಲ್ಲು, ಮಾಸ್ತಿಕಲ್ಲು, ನಿಸಿದಿಕಲ್ಲು, ದಾನ ಕೊಟ್ಟ ಶಾಸನದ ಕಲ್ಲು, ಗಡಿ ಗುರುತಿಸಿದ ಲಿಂಗಮುದ್ರೆಯ ಕಲ್ಲು, ಹೀಗೆ ಬಗೆಬಗೆಯವು. ಇವುಗಳಲ್ಲಿ ಹೆಚ್ಚಿನವನ್ನು ನಿಲ್ಲಿಸಿದವರು ಚಕ್ರವರ್ತಿಗಳಲ್ಲ. ಸತ್ತವನ ಮಗ, ಅಣ್ಣ, ಒಡೆಯ, ಇಲ್ಲವೇ ಇಡೀ ಊರು. ಅರಮನೆಯ ಶಿಲ್ಪ ನೋಡಲು ಅರಮನೆಗೇ ಹೋಗಬೇಕಿತ್ತು. ಇವುಗಳನ್ನು ದನ ಕಾಯುವ ಹುಡುಗನೂ ದಿನಕ್ಕೆರಡು ಬಾರಿ ನೋಡುತ್ತಿದ್ದ. ಬೆಂಗಳೂರು ಬೆಳೆದು ಈ ಹಳ್ಳಿಗಳನ್ನು ನುಂಗಿತು. ಕಲ್ಲುಗಳು ಮಾತ್ರ ಅಪಾರ್ಟ್‌ಮೆಂಟಿನ ಕಾಂಪೌಂಡು, ಮೋರಿಯ ಅಂಚು, ಖಾಲಿ ಸೈಟು ಎನ್ನದೆ ಇದ್ದಲ್ಲೇ ಉಳಿದವು. ಉಳಿದಷ್ಟು ಉಳಿದವು, ಅಷ್ಟೆ. ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಬೆಂಗಳೂರು ಜಿಲ್ಲೆಯ ಸಂಪುಟ ತಂದಾಗ ದಾಖಲಾದ ಕಲ್ಲುಗಳಲ್ಲಿ ಎಷ್ಟೋ ಇಂದು ಪುಸ್ತಕದಲ್ಲಿವೆ, ನೆಲದ ಮೇಲಿಲ್ಲ.

ಹೆಬ್ಬಾಳದ ಕಿಟ್ಟಯ್ಯನ ಕಲ್ಲಿನಿಂದಲೇ ಶುರು ಮಾಡಬಹುದು, ಏಕೆಂದರೆ ಅದನ್ನು ಉಳಿಸಿದವರು ನಿಮ್ಮಂಥವರೇ. ಸುಮಾರು ಕ್ರಿ.ಶ. 750ರ ಕಲ್ಲು. ಗಂಗರ ಶ್ರೀಪುರುಷ ಆಳುತ್ತಿದ್ದ ಕಾಲ. ರಟ್ಟವಾಡಿಯ ದಂಡು ಬಂದು ಊರಳಿವು ಆದಾಗ ಹೋರಾಡಿ ಸತ್ತ ಕಿಟ್ಟಯ್ಯನ ಹೆಸರು ಅದರಲ್ಲಿದೆ. ಆ ಸೀಮೆಯನ್ನು ಶಾಸನ ಪೆರ್ಬೊಳಲ್ನಾಡು ಮೂವತ್ತು ಎಂದು ಕರೆಯುತ್ತದೆ. ನಗರದಲ್ಲಿ ಈವರೆಗೆ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಇದಕ್ಕಿಂತ ಹಳೆಯದು ಇಲ್ಲ. ಇಷ್ಟಾಗಿಯೂ ಕೆಲವೇ ವರ್ಷಗಳ ಹಿಂದಿನವರೆಗೆ ಇದು ಯಾರ ಗಮನಕ್ಕೂ ಬಂದಿರಲಿಲ್ಲ. ಅದರ ಬೆಲೆ ಗುರುತಿಸಿದ್ದು ನಗರದ ಶಾಸನಗಳನ್ನು ಹುಡುಕಿಕೊಂಡು ಬಿಡುವಿನ ದಿನ ಸುತ್ತುತ್ತಿದ್ದ ಆಸಕ್ತರು. ಊರಿನವರು ಅವರ ಜೊತೆ ನಿಂತರು. ಸಾರ್ವಜನಿಕರ ನೆರವಿನಿಂದ ಕಲ್ಲಿಗೊಂದು ಮಂಟಪವೂ ಎದ್ದಿತು. ಇಲ್ಲಿ ಗಮನಿಸಬೇಕಾದ ಒಂದು ಸಂಗತಿ: ಕಲ್ಲು ಹೆಬ್ಬಾಳದಲ್ಲೇ ಇದೆ. ಇಂದಿನ ಹೆಬ್ಬಾಳವೇ ಆ ಹಳೆಯ ನಾಡಿನ ನಡುಜಾಗ ಎನ್ನಲು ಅದು ನಿಂತ ನೆಲವೂ ಸಾಕ್ಷಿ ಹೇಳುತ್ತದೆ. ಇದೇ ಕಲ್ಲನ್ನು ಹತ್ತು ಮೈಲಿಯಾಚೆ ಯಾವುದೋ ಉದ್ಯಾನದಲ್ಲಿ ನೆಟ್ಟಿದ್ದರೆ ಆ ಸಾಕ್ಷಿ ಬಾಯಿ ಮುಚ್ಚುತ್ತಿತ್ತು.

ಇನ್ನು ವೀರಗಲ್ಲನ್ನು ನೋಡುವ ಬಗೆ. ಸಂಘದ ಸದಸ್ಯರಲ್ಲಿ ಹಲವರಿಗೆ ಇದು ಗೊತ್ತೇ ಇರುತ್ತದೆ, ಆದರೆ ಹೊಸ ಬಡಾವಣೆಗೆ ಬಂದವರಿಗಾಗಿ ಒಮ್ಮೆ ಹೇಳಿಬಿಡುವುದು ಒಳ್ಳೆಯದು. ನಡುಗಾಲದ ಮಾದರಿ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಅಡಿಯ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲು ಎಳೆದವನು, ಗುರಾಣಿ ಹಿಡಿದವನು, ಬಿದ್ದವನು. ಬದಿಯಲ್ಲಿ ಹಸುಗಳ ಸಾಲು ಇದ್ದರೆ ಅದು ತುರುಗೋಳು, ಎಂದರೆ ಊರ ದನಗಳನ್ನು ಅಟ್ಟಿಕೊಂಡು ಹೋದವರ ಬೆನ್ನು ಹತ್ತಿ ಸತ್ತವನ ಕಲ್ಲು. ನಡುವಿನ ಪಟ್ಟಿಕೆಯಲ್ಲಿ ಸತ್ತವನನ್ನು ಎರಡೂ ಕಡೆಯಿಂದ ಅಪ್ಸರೆಯರು ಹಿಡಿದು ಮೇಲಕ್ಕೊಯ್ಯುತ್ತಾರೆ. ಕೆಲವು ಶಿಲ್ಪಿಗಳು ಇಲ್ಲಿ ಅವನ ಕಾಲುಗಳನ್ನು ನೆಲದಿಂದ ತುಸು ಮೇಲೆ, ಮೊಣಕಾಲು ಸ್ವಲ್ಪ ಮಡಿಸಿ ಕೆತ್ತುತ್ತಾರೆ. ತೇಲುವುದನ್ನು ಕಲ್ಲಿನಲ್ಲಿ ತೋರಿಸಲು ಅಷ್ಟೇ ಸಾಕಾಗಿದೆ. ಮೇಲಿನ ಪಟ್ಟಿಕೆಯಲ್ಲಿ ಲಿಂಗ, ಪೂಜಾರಿ, ನಂದಿ, ಮತ್ತು ಈಗಷ್ಟೇ ತಲುಪಿದವನಂತೆ ಕೈ ಮುಗಿದು ಕೂತ ವೀರ. ನೆತ್ತಿಯಲ್ಲಿ ಸೂರ್ಯ ಚಂದ್ರರು. ಎರಡು ಪಟ್ಟಿಕೆಗಳ ನಡುವಿನ ಅಡ್ಡಪಟ್ಟಿಯಲ್ಲಿ ಶಾಸನ. ಗಂಗರ ಕಾಲದ ಹಳೆಯ ಕಲ್ಲುಗಳಲ್ಲಿ ಈ ಮೂರಂತಸ್ತಿನ ಶಿಸ್ತು ಇರುವುದಿಲ್ಲ. ಅಂಥವುಗಳಲ್ಲಿ ಹಲವೆಡೆ ವೀರ ಒಬ್ಬನೇ ಕಲ್ಲಿನ ತುಂಬ ನಿಂತಿರುತ್ತಾನೆ.

ಇವೆಲ್ಲ ಕಾಣಬೇಕಾದರೆ ಬೆಳಕು ಓರೆಯಾಗಿ ಬೀಳಬೇಕು. ನಡುಮಧ್ಯಾಹ್ನ ನೋಡಿದರೆ ಸವೆದ ಚಪ್ಪಡಿ ಮಾತ್ರ ಕಾಣುತ್ತದೆ. ಬೆಳಿಗ್ಗೆ ಬಿಸಿಲು ಮಗ್ಗುಲಿಂದ ತಾಕಿದಾಗ, ಇಲ್ಲವೇ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ಒರಗಿಸಿ ಹಿಡಿದಾಗ ಅಕ್ಷರಗಳು ಏಳುತ್ತವೆ. ಸೀಮೆಸುಣ್ಣ ಉಜ್ಜುವುದು, ಮೈದಾ ಬಳಿಯುವುದು ಬೇಡ. ಟಾರ್ಚೇ ಸಾಕು.

ಈಗ ವಾದದ ವಿಷಯಕ್ಕೆ. "ಅಲ್ಲಿ ಇಲ್ಲಿ ಬಿದ್ದಿರುವ ಕಲ್ಲುಗಳನ್ನೆಲ್ಲ ತಂದು ಒಂದು ಕಡೆ ಜೋಡಿಸಿ ಶಿಲ್ಪವನ ಮಾಡೋಣ" ಎಂಬ ಯೋಚನೆ ಒಳ್ಳೆಯ ಮನಸ್ಸಿನಿಂದಲೇ ಹುಟ್ಟುತ್ತದೆ. ಹಾಗೆ ಮಾಡಿದ ಕಡೆ ನೋಡಲು ಚೆನ್ನಾಗಿಯೂ ಇರುತ್ತದೆ. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಅಂಗಳದಲ್ಲಿ ಹುಲ್ಲಿನ ನಡುವೆ ಸಾಲಾಗಿ ನಿಂತ ವೀರಗಲ್ಲು, ಮಾಸ್ತಿಕಲ್ಲುಗಳ ನಡುವೆ ಅರ್ಧ ದಿನ ಕಳೆಯಬಹುದು. ಮಲೆನಾಡಿನ ಬಳಪದ ಕಲ್ಲಿನಲ್ಲಿ ಉಳಿ ಎಷ್ಟು ನಯವಾಗಿ ಓಡಿದೆ, ನಮ್ಮ ಕಡೆಯ ಕಣಶಿಲೆಯಲ್ಲಿ ಅದೇ ಉಳಿ ಎಷ್ಟು ತಿಣುಕಿದೆ ಎಂಬುದು ಆ ಸಾಲನ್ನು ನೋಡಿ ಬಂದವರಿಗೆ ಚೆನ್ನಾಗಿ ತಿಳಿಯುತ್ತದೆ. ಆದರೂ ಅದು ಕೊನೆಯ ದಾರಿ ಆಗಬೇಕು, ಮೊದಲನೆಯದಲ್ಲ.

ಬೇಗೂರನ್ನೇ ನೋಡಿ. ಅಲ್ಲಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 900ರ ಕಲ್ಲು ಬೆಂಗಳೂರ ಕಾಳಗದಲ್ಲಿ ಬುಟ್ಟನಸೆಟ್ಟಿ ಸತ್ತದ್ದನ್ನು ಹೇಳುತ್ತದೆ. ಬೆಂಗಳೂರು ಎಂಬ ಹೆಸರಿಗೆ ಅಷ್ಟು ಹಳೆಯ ದಾಖಲೆ ಅದು. ಹಾಗಾಗಿಯೇ ಇಂದಿಗೂ ಜನ ಬೇಗೂರಿಗೆ ಹೋಗುತ್ತಾರೆ. ಅದೇ ಊರಿನ ಇನ್ನೊಂದು ಕಲ್ಲು ಶಿಲ್ಪವಾಗಿ ಇದಕ್ಕಿಂತ ಎಷ್ಟೋ ಪಾಲು ಮೇಲು: ತುಂಬೇಪಾಡಿಯಲ್ಲಿ ವೀರಮಹೇಂದ್ರನ ವಿರುದ್ಧ ಕಾದಿ ಸತ್ತ ನಾಗತ್ತರನ ಕಲ್ಲು, ಆನೆ ಕುದುರೆ ಕಾಲಾಳುಗಳು ಇಕ್ಕಟ್ಟಾಗಿ ತುಂಬಿಕೊಂಡ ದೊಡ್ಡ ರಣರಂಗ. ಅವನು ಸತ್ತ ಮೇಲೆ ಗಂಗ ದೊರೆ ಎರೆಯಪ್ಪ ಇರುಗ ಎಂಬವನಿಗೆ ನಾಗತ್ತರನ ಪಟ್ಟ ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ, ಎಂದರೆ ವೀರನ ಸಾವಿಗೆ ಸಲ್ಲುವ ದತ್ತಿಯಾಗಿ, ಕೊಟ್ಟ ಎಂದು ಶಾಸನ ಹೇಳಿ, ಆ ಊರುಗಳ ಹೆಸರನ್ನೂ ಪಟ್ಟಿ ಮಾಡುತ್ತದೆ. ಬೇಗೂರಿನ ಸುತ್ತಲ ಹಳ್ಳಿಗಳಿಗೆ ಸಾವಿರದ ನೂರು ವರ್ಷದ ಹಿಂದಿನ ಹಾಜರಿಪುಸ್ತಕ ಅದು. ಆದರೆ ಆ ಕಲ್ಲು ಇರುವುದು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ಕಬ್ಬನ್ ಪಾರ್ಕ್ ನೋಡಲು ಬಂದ ಪ್ರವಾಸಿ ಅದರ ಮುಂದೆ ಅರೆನಿಮಿಷ ನಿಂತು ಮುಂದೆ ಹೋಗುತ್ತಾನೆ. ಆ ಪಟ್ಟಿಯ ಊರುಗಳಲ್ಲಿ ಇವತ್ತು ಫ್ಲಾಟ್ ಕೊಂಡು ಕೂತವರಿಗೆ ಹಾಗೊಂದು ಪಟ್ಟಿ ಇರುವುದೇ ಗೊತ್ತಿಲ್ಲ.

ಮ್ಯೂಸಿಯಂ ಬೇಡ ಎಂದು ಇದರ ಅರ್ಥವಲ್ಲ. 1865ರಲ್ಲಿ ಶುರುವಾದ ಆ ಸಂಗ್ರಹಾಲಯ ಇಲ್ಲದಿದ್ದರೆ ಎಷ್ಟು ಕಲ್ಲುಗಳು ಮೋರಿಯ ಚಪ್ಪಡಿ ಆಗುತ್ತಿದ್ದವೋ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲೂ ಅಲ್ಲೇ ಇದೆ. ತಕ್ಕೋಲದಲ್ಲಿ ಚೋಳ ರಾಜಾದಿತ್ಯ ಬಿದ್ದ 949ರ ಯುದ್ಧದ ದೊಡ್ಡ ಸುದ್ದಿ ಅದರಲ್ಲಿದ್ದರೂ ಜನರಿಗೆ ನೆನಪಿರುವುದು ಕಾಳಿ ಎಂಬ ನಾಯಿಯ ಸಂಗತಿ. ಮಣಲೆರ ಎಂಬ ಬಂಟ ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ದೊರೆಯಿಂದ ಆ ನಾಯಿಯನ್ನು ಬೇಡಿ ಪಡೆದ. ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಹೋರಾಡಿ ಸತ್ತವು. ಚಲ್ಲೇಶ್ವರನ ಗುಡಿಯ ಮುಂದೆ ಅದಕ್ಕೊಂದು ಕಲ್ಲು ನಿಲ್ಲಿಸಿದರು. ನಾಯಿಯ ಸಾಹಸಕ್ಕಿಂತ ಸಂಘಗಳವರು ಗಮನಿಸಬೇಕಾದದ್ದು ಶಾಸನದ ಕೊನೆಯ ಭಾಗವನ್ನು. ಕಲ್ಲು ನಿಲ್ಲಿಸಿ ಸುಮ್ಮನಾಗಲಿಲ್ಲ ಅವರು. ಅದಕ್ಕೆಂದು ಭೂಮಿ ಬಿಟ್ಟರು, ಆ ಭೂಮಿಯನ್ನು ನೋಡಿಕೊಳ್ಳುವ ಗೊರವ (ಶೈವ ಅರ್ಚಕ) ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೆ ಪಾಪ ತಟ್ಟಲಿ ಎಂದು ಷರತ್ತನ್ನೂ ಕೆತ್ತಿಸಿದರು. ಶಿಲ್ಪದ ಜೊತೆಗೇ ಅದರ ನಿರ್ವಹಣೆಯ ಹಣ, ಹೊಣೆಗಾರ, ತಪ್ಪಿದರೆ ದಂಡ, ಮೂರನ್ನೂ ಒಂದೇ ಕಲ್ಲಿನಲ್ಲಿ ಬರೆದಿಟ್ಟರು. ಇಂದಿನ ಉದ್ಯಾನಗಳಲ್ಲಿ ಉದ್ಘಾಟನೆಯ ಫಲಕ ಮಾತ್ರ ಇರುತ್ತದೆ.

ಹಾಗಾದರೆ ಮ್ಯೂಸಿಯಂ ಸೇರಿದ ಕಲ್ಲುಗಳ ಊರಿನವರು ಏನು ಮಾಡಬೇಕು? ಹಲ್ಮಿಡಿಯವರು ಒಂದು ದಾರಿ ತೋರಿಸಿದ್ದಾರೆ. ಬೇಲೂರು ತಾಲ್ಲೂಕಿನ ಆ ಊರಿನ ವೀರಭದ್ರನ ಗುಡಿಯ ಮುಂದಿದ್ದ ಕಲ್ಲನ್ನು 1936ರಲ್ಲಿ ಎಂ.ಎಚ್. ಕೃಷ್ಣ ಬೆಳಕಿಗೆ ತಂದರು. ಮೂಲ ಕಲ್ಲು ಮೈಸೂರು ಸೇರಿತು. ಊರಿನಲ್ಲಿ ಈಗ ಮಂಟಪ ಕಟ್ಟಿ ಪ್ರತಿಕೃತಿ ಇಟ್ಟಿದ್ದಾರೆ. ಬೇಗೂರಿನ ಸುತ್ತಲ ಬಡಾವಣೆಗಳ ಸಂಘಗಳೂ ಸೇರಿ ನಾಗತ್ತರನ ಕಲ್ಲಿನ ಅಂಥದೊಂದು ಪ್ರತಿ ಮಾಡಿಸಬಾರದೇಕೆ? ಈಗ ಅದು ಕಷ್ಟವೂ ಅಲ್ಲ. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದೆ. ಬರಿಗಣ್ಣಿಗೆ ಕಾಣದ ಅಕ್ಷರಗಳನ್ನೂ ಆ ಸ್ಕ್ಯಾನ್‌ಗಳಲ್ಲಿ ಓದಬಹುದು. ಹಿಂದೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಿದ್ದ ಕೆಲಸವನ್ನು ಕಲ್ಲು ಮುಟ್ಟದೆಯೇ ಮುಗಿಸಿಬಿಡುತ್ತಾರೆ.

ಕಲ್ಲುಗಳಿಗೆ ಶತ್ರುಗಳು ಯಾರು ಎಂದರೆ ನಿಧಿಗಳ್ಳರ ಹೆಸರೇ ಎಲ್ಲರ ಬಾಯಲ್ಲೂ ಮೊದಲು ಬರುತ್ತದೆ. ಶಾಸನ ಇದ್ದ ಕಡೆ ಕೊಪ್ಪರಿಗೆ ಇರುತ್ತದೆಂದು ಬುಡ ಅಗೆದು, ಕಲ್ಲನ್ನೇ ಎರಡು ಹೋಳು ಮಾಡಿ ಹೋಗುವವರು ಇಂದಿಗೂ ಇದ್ದಾರೆ, ನಿಜ. ಜೆಸಿಬಿ ಅವರಿಗಿಂತ ದೊಡ್ಡ ಶತ್ರು. ಆದರೆ ಪ್ರೀತಿಯಿಂದ ಆಗುವ ಹಾನಿಯೂ ಕಡಿಮೆಯಲ್ಲ, ಮತ್ತು ಅದನ್ನು ಯಾರೂ ಹಾನಿ ಎಂದು ಒಪ್ಪುವುದಿಲ್ಲ. ಸಂಕ್ರಾಂತಿಗೋ ಊರಹಬ್ಬಕ್ಕೋ ವೀರನಿಗೆ ಹಳದಿ ಎನಾಮಲ್ ಪೇಂಟು, ಮೀಸೆಗೆ ಕಪ್ಪು, ಧೋತಿಗೆ ಕೆಂಪು. ಅದರ ಮೇಲೆ ಮುಂದಿನ ವರ್ಷ ಇನ್ನೊಂದು ಪದರ. ಬಣ್ಣದ ಕೆಳಗೆ ಕಲ್ಲಿಗೆ ಉಸಿರಾಡಲು ಜಾಗವಿರುವುದಿಲ್ಲ, ಒಳಗಿನ ತೇವ ಹೊರಬರಲಾರದೆ ಮೇಲ್ಪದರವನ್ನೇ ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತದೆ. ಎಣ್ಣೆ ಅಭಿಷೇಕದ ಮೇಲೆ ಧೂಳು ಕೂತು ಗಟ್ಟಿಯಾಗಿ ಅಕ್ಷರಗಳ ಗೀರು ತುಂಬುತ್ತದೆ. ಸ್ವಲ್ಪ ಹಣ ಸೇರಿದರೆ ಸುತ್ತ ಗೋಡೆ, ಒಳಗೆ ಬಾತ್‌ರೂಮ್ ಟೈಲ್ಸ್, ಕಲ್ಲಿನ ಅರ್ಧ ಭಾಗ ಕಾಂಕ್ರೀಟಿನೊಳಗೆ. ಆ ಅರ್ಧದಲ್ಲೇ ಕೆಳಗಿನ ಪಟ್ಟಿಕೆ ಇರುತ್ತದೆ, ಎಂದರೆ ಅವನು ಏಕೆ ಸತ್ತ ಎಂಬ ಕಥೆ.

ಪೂಜೆ ನಿಲ್ಲಿಸಿ ಎಂದು ಯಾರೂ ಹೇಳುತ್ತಿಲ್ಲ. ಪೂಜೆ ನಡೆಯುವ ಕಲ್ಲುಗಳೇ ಹೆಚ್ಚು ಉಳಿದಿರುವುದು. ಅವು ದೇವರಾದ ಕಾರಣಕ್ಕೇ ಯಾರೂ ಅವುಗಳ ಮೇಲೆ ಬಟ್ಟೆ ಒಗೆಯಲಿಲ್ಲ, ಅವನ್ನು ಮೋರಿಗೆ ಹಾಸಲಿಲ್ಲ. ಹೂವು, ಅಕ್ಷತೆ, ಮುಂದೆ ಒಂದು ದೀಪ, ಬುಡದಲ್ಲಿ ಎಡೆ: ಇದರಿಂದ ಕಲ್ಲಿಗೆ ತೊಂದರೆಯಿಲ್ಲ. ಎಣ್ಣೆ, ಬಣ್ಣ, ಸಿಮೆಂಟು, ಆ್ಯಸಿಡ್, ತಂತಿಬ್ರಷ್ಷು ಇವಿಷ್ಟನ್ನು ದೂರ ಇಟ್ಟರೆ ಸಾಕು. ತೊಳೆಯಬೇಕೆನಿಸಿದರೆ ಬರೀ ನೀರು, ಮೆದು ಬ್ರಷ್ಷು. ಈಗಾಗಲೇ ಬಣ್ಣ ಬಿದ್ದಿದ್ದರೆ ಅದನ್ನು ಕೆರೆಯಲು ಹೋಗದೆ ಪುರಾತತ್ವ ಇಲಾಖೆಯ ರಾಸಾಯನಿಕ ಸಂರಕ್ಷಣೆ ಬಲ್ಲವರನ್ನು ಕೇಳಬೇಕು. ವಾಲಿದ ಕಲ್ಲನ್ನು ನೆಟ್ಟಗೆ ನಿಲ್ಲಿಸುವುದಾದರೂ ಅವರ ಮುಂದೆಯೇ: ಕಬ್ಬಿಣದ ಸರಪಳಿ ಬೇಡ, ಗೋಣಿಚೀಲ ಸುತ್ತಿ ಹಗ್ಗ, ಬುಡಕ್ಕೆ ಕಾಂಕ್ರೀಟು ಬೇಡ, ನೀರು ಬಸಿದುಹೋಗುವಂತೆ ಜಲ್ಲಿ ಮರಳು. ಹುಲ್ಲಿಗೆ ನೀರು ಹಾಯಿಸುವ ಸ್ಪ್ರಿಂಕ್ಲರ್ ಕಲ್ಲಿನ ಮುಖಕ್ಕೆ ದಿನಾ ಹೊಡೆಯದಿರಲಿ, ಬೋರ್‌ವೆಲ್ ನೀರಿನ ಉಪ್ಪು ಬಿಳಿಯಾಗಿ ಕಟ್ಟಿಕೊಳ್ಳುತ್ತದೆ. ಒಂದು ಹೊಂಗೆಯೋ ಬೇವೋ ಸಾಕಷ್ಟು ದೂರದಲ್ಲಿ ನೆಟ್ಟರೆ ನೆರಳೂ ಆಯಿತು, ಬೇರಿನ ಕಾಟವೂ ಇಲ್ಲ. ಅರಳಿ ಮಾತ್ರ ಹತ್ತಿರ ಬೇಡ. ಅದು ಕಲ್ಲನ್ನು ಅಪ್ಪಿಕೊಳ್ಳುವುದು ಫೋಟೋಗೆ ಚೆಂದ, ಕಲ್ಲಿಗಲ್ಲ.

ಫಲಕದ ವಿಚಾರದಲ್ಲಿ ಒಂದು ಜಗಳ ಮಾಡಲೇಬೇಕು. "ಪುರಾತನ ಕಲ್ಲು, ಮುಟ್ಟಬೇಡಿ" ಎಂದು ಬರೆದ ಫಲಕದಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ಕಾಲ, ಯಾರ ಆಳ್ವಿಕೆ, ಯಾರು ಸತ್ತರು, ಏಕೆ ಸತ್ತರು, ಯಾರು ನಿಲ್ಲಿಸಿದರು, ಎಷ್ಟು ಗದ್ದೆ ಬಿಟ್ಟರು, ಇಷ್ಟನ್ನು ಆರೇಳು ಸಾಲಿನ ಹೊಸಗನ್ನಡದಲ್ಲಿ ಬರೆಯಬಹುದು. ತಮಿಳು ಶಾಸನವಾದರೆ ಹಾಗೆಂದು ಬರೆಯಬೇಕು. ದೊಮ್ಮಲೂರು, ಮಡಿವಾಳದ ದೇವಾಲಯಗಳಲ್ಲಿ ಅಂಥವು ಇವೆ, ಅವೂ ಈ ನೆಲದವೇ. ಶಾಸನ ಓದಿದವರ ಹೆಸರು ಸಣ್ಣದಾಗಿ ಕೆಳಗೆ ಇರಲಿ. ದಾನಿಗಳ ಹೆಸರು ಅದಕ್ಕಿಂತಲೂ ಸಣ್ಣದಾಗಿ.

ಮಾಸ್ತಿಕಲ್ಲಿನ ಫಲಕ ಬರೆಯುವಾಗ ಇನ್ನೂ ಎಚ್ಚರ ಬೇಕು. ಕಂಬದಿಂದ ಹೊರಟು ಮೊಣಕೈಯಲ್ಲಿ ಮೇಲಕ್ಕೆ ಮಡಿಸಿದ ತೋಳು, ಮಣಿಕಟ್ಟಿನ ತುಂಬ ಬಳೆ, ಬಿಚ್ಚಿದ ಅಂಗೈ, ಹೆಬ್ಬೆರಳು ತೋರುಬೆರಳುಗಳ ನಡುವೆ ಕೆಲವೊಮ್ಮೆ ಒಂದು ನಿಂಬೆಹಣ್ಣು. ಶಿಲ್ಪಿ ಬಳೆಗಳನ್ನು ಒಂದೊಂದಾಗಿ ಬಿಡಿಸಿ ಕೆತ್ತಿರುತ್ತಾನೆ. ಕಲೆ ಎಂದು ಮೆಚ್ಚಿ ಮುಂದೆ ಸಾಗುವ ಹಾಗಿಲ್ಲ, ಏಕೆಂದರೆ ಆ ಬಳೆ ತೊಟ್ಟ ಹೆಣ್ಣು ಬೆಂಕಿಗೆ ಬಿದ್ದವಳು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನದಲ್ಲಿ, ಬೆಂಕಿಗೆ ಬೀಳಹೊರಟ ದೇಕಬ್ಬೆಯನ್ನು ಹೆತ್ತವರು, ನೆಂಟರು ತಡೆದರು ಎಂಬ ಮಾತಿದೆ. ಅವಳು ಕೇಳಲಿಲ್ಲ ಎಂದು ಶಾಸನ ಹೊಗಳುತ್ತದೆ. ಹೊಗಳಿಕೆ ಆ ಕಾಲದ್ದು, ತಡೆದವರ ಅಳಲೂ ಆ ಕಾಲದ್ದೇ. ಎರಡನ್ನೂ ಫಲಕದಲ್ಲಿ ಬರೆಯಬಹುದು. "ಮಹಾಸತಿಯ ಪುಣ್ಯಸ್ಥಳ" ಎಂದು ಮಾತ್ರ ಬರೆಯಬೇಡಿ. ಸತಿಯ ವೈಭವೀಕರಣ 1987ರ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಇರದಿದ್ದರೂ ಹಾಗೆ ಬರೆಯುವುದು ತರವಲ್ಲ.

ಕೆರೆ ಬಳಗದವರಿಗೆ ಪ್ರತ್ಯೇಕವಾಗಿ ಒಂದು ಮಾತು. ಅಗರದಲ್ಲಿ ಸುಮಾರು ಕ್ರಿ.ಶ. 870ರ ಶಾಸನವೊಂದು ಕೆರೆಗಳಿಗೆ ತೂಬು ಇಡಿಸಿದ್ದನ್ನೂ ಹೊಸ ಕೆರೆ ಕಟ್ಟಿಸಿದ್ದನ್ನೂ ಹೇಳುತ್ತದೆ. ನೀವು ಹೂಳೆತ್ತಿಸಲು, ಒತ್ತುವರಿ ಬಿಡಿಸಲು ಕಚೇರಿಯಿಂದ ಕಚೇರಿಗೆ ಅಲೆಯುತ್ತಿರುವ ಕೆಲಸಕ್ಕೆ ಅಷ್ಟು ಹಿಂದಿನವರೇ ಕೆತ್ತಿಸಿಟ್ಟ ದಾಖಲೆ ಇದೆ. ಕೆರೆ ಏರಿಯ ಮೇಲೆ, ಕೋಡಿಯ ಬಳಿ, ತೂಬಿನ ಕಂಬದ ಮೇಲೆ ಗೀರುಗಳು ಕಂಡರೆ ಅದು ಬರೀ ಗೀರು ಎಂದು ಬಿಟ್ಟುಬಿಡಬೇಡಿ. ಹೂಳೆತ್ತುವ ಗುತ್ತಿಗೆದಾರರಿಗೆ ಕೆಲಸ ಶುರುವಾಗುವ ಮೊದಲೇ ಹೇಳಿಡಬೇಕು: ಚಪ್ಪಟೆ ಕಲ್ಲು, ಅದರಲ್ಲೂ ಮೇಲ್ತುದಿ ದುಂಡಗಿರುವುದು ಸಿಕ್ಕರೆ ಬಕೆಟ್ ನಿಲ್ಲಿಸಿ ಎಂದು. ಯಂತ್ರದ ಚಾಲಕರಿಗೆ ಒಂದು ವೀರಗಲ್ಲಿನ ಫೋಟೋ ವಾಟ್ಸ್‌ಆ್ಯಪ್ ಮಾಡಿದರೆ ಭಾಷಣಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಕಲ್ಲು ಸಿಕ್ಕ ದಿನ ಅದರ ಪಕ್ಕ ಒಂದು ಸ್ಕೇಲು ಅಥವಾ ಚಪ್ಪಲಿಯಾದರೂ ಇಟ್ಟು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಸಿಕ್ಕ ಜಾಗ, ಮುಖ ಯಾವ ದಿಕ್ಕಿಗಿತ್ತು ಎಂಬುದನ್ನು ಬರೆದುಕೊಳ್ಳಿ. ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ರಸ್ತೆಯೋ ಚರಂಡಿಯೋ ಅಲ್ಲೇ ಹಾದುಹೋಗುವುದು ಅನಿವಾರ್ಯವಾದರೆ ನಾಲ್ಕು ಮಾರು ಸರಿಸಿ, ಅದೇ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಲು ಇಲಾಖೆಯನ್ನೇ ಕೇಳಿ. ಬೇರೆ ಊರಿಗೆ ಸಾಗಿಸುವ ಮಾತು ಬಂದರೆ ಆಗ ಜಗಳ ತೆಗೆಯಿರಿ.

ಹೀಗೆ ಒಂದೊಂದು ಕಲ್ಲಿಗೂ ಒಂದೊಂದು ಗೇಣು ಜಾಗ ಬಿಟ್ಟುಕೊಂಡು ಹೋದರೆ ನಗರದ ಉದ್ದಕ್ಕೂ ಶಿಲ್ಪವನ ತಾನಾಗಿ ಆಗುತ್ತದೆ. ಹೆಬ್ಬಾಳದಲ್ಲೊಂದು, ಬೇಗೂರಿನಲ್ಲಿ ನಾಲ್ಕಾರು, ಜಕ್ಕೂರು, ಅಗರ, ಮಾರತ್ತಹಳ್ಳಿ ಎಂದು ಭಾನುವಾರದ ಸೈಕಲ್ ಸವಾರಿಗೆ ದಾರಿಯೂ ಸಿಕ್ಕಂತಾಗುತ್ತದೆ. ಶಾಲೆಯ ಮಕ್ಕಳನ್ನು ಕರೆತರುವುದಾದರೆ ಬೆಳಿಗ್ಗೆ ಎಂಟರೊಳಗೆ ಕರೆತನ್ನಿ, ಬಿಸಿಲು ಓರೆ ಇದ್ದಾಗ. ಮೊದಲು ದನಗಳನ್ನು ಎಣಿಸಲು ಹೇಳಿ. ಅಪ್ಸರೆಯರ ಸಂಗತಿ ಆಮೇಲೆ ಅವರೇ ಕೇಳುತ್ತಾರೆ.

ಸಂಘದ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಎರಡು ವಿಷಯ ಸೇರಿಸಬೇಕೆಂದು ಕೋರಿಕೆ. ನಿಮ್ಮ ಎಲ್ಲೆಯೊಳಗಿನ ಹಳೇ ಊರಿನ ಹಿರಿಯರೊಬ್ಬರನ್ನು ಕರೆದು ಗುಡಿ, ಕೆರೆ, ಹೊಲಮಾಳಗಳಲ್ಲಿ ಎಲ್ಲೆಲ್ಲಿ ಕಲ್ಲುಗಳಿದ್ದವು ಎಂದು ಕೇಳಿ ಪಟ್ಟಿ ಮಾಡುವುದು, ಒಂದು. ಪಟ್ಟಿಯಲ್ಲಿ ಈಗಲೂ ಇರುವ ಕಲ್ಲುಗಳ ಸುತ್ತ ಮಳೆಗಾಲಕ್ಕೆ ಮುಂಚೆ ಯಾವ ಅಗೆತದ ಕೆಲಸ ಮಂಜೂರಾಗಿದೆ ಎಂದು ವಾರ್ಡಿನ ಎಂಜಿನಿಯರ್ ಕಚೇರಿಯಲ್ಲಿ ವಿಚಾರಿಸುವುದು, ಎರಡು. ಸಿಮೆಂಟಿನ ಜಿಂಕೆಗೆ ಎತ್ತಿಟ್ಟ ಹಣ ಫಲಕಕ್ಕೂ ಜಲ್ಲಿಗೂ ಧಾರಾಳವಾಗಿ ಸಾಲುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಶಾಸನಾಸಕ್ತ